ಹಾಗಾವ್ ಬರಿಯ ಹೆಣ್ಣು

ಚಿದಾನಂದ ಸುಳ್ಳು ಹೇಳಿದವನಲ್ಲ. ಸುಮ್ಮನಿದ್ದವನು, ಅಷ್ಟೇ.

ಮಡಂತ್ಯಾರು ಪೇಟೆಯಲ್ಲಿ ಬಸ್ಸು ನಿಲ್ಲುವಲ್ಲಿ ಯುವಕ ಮಂಡಲದವರು ಅವನ ಫ್ಲೆಕ್ಸ್ ಕಟ್ಟಿದ್ದರು. ತಲೆಗೆ ಪೇಟ, ಹೆಗಲಿಗೆ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ. ಅಡಿಯಲ್ಲಿ ದಪ್ಪ ಅಕ್ಷರದಲ್ಲಿ, 'ಚೀನೀ ಭಾಷೆಯನ್ನು ಕರಗತ ಮಾಡಿಕೊಂಡು ಡಾಕ್ಟರೇಟ್ ಪಡೆದ ನಮ್ಮೂರ ಹೆಮ್ಮೆ'. ಬಸ್ಸಿನಿಂದಿಳಿದ ಚಿದಾನಂದ ಅದನ್ನು ಓದಿದ. ಇದು ಹಾಗಲ್ಲ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಆಟೋ ಅಶ್ರಫ್, "ಫೋಟೋದಲ್ಲಿ ಮದುಮಗನ ಹಾಗೆ ಕಾಣ್ತೀರಿ ಮಾಸ್ಟ್ರೇ!" ಎಂದ. ತೆರೆದ ಬಾಯಿ ನಗುವಾಗಿ ಮುಚ್ಚಿಕೊಂಡಿತು. ಕೆಟ್ಟ ಮಾತು ಹೊರಗೆ ಹೋಗದಿರಲಿ ಎಂದು ದೇವರು ನಾಲಿಗೆಗೆ ತುಟಿಯ ಬಾಗಿಲು ಇಟ್ಟಿದ್ದಾನೆ. ನಾವಾದರೋ ಆ ಬಾಗಿಲು ಹಾಕುವುದು ಹೆಚ್ಚಾಗಿ ನಿಜ ಹೊರಡುವ ಹೊತ್ತಿಗೆ.

ನಿಜ ಇಷ್ಟು. ಅವನು ಓದಿದ್ದು ಚೀನೀ ವ್ಯಾಕರಣ. ನಾವು 'ಎರಡು ಮೀನು' ಎಂದು ಸಲೀಸಾಗಿ ಹೇಳುವ ಹಾಗೆ ಚೀನೀಯರು ಹೇಳುವುದಿಲ್ಲ. ಎರಡಕ್ಕೂ ಮೀನಿಗೂ ನಡುವೆ ಒಂದು ಪುಟ್ಟ ಪದ ಬರಬೇಕು. ಉದ್ದವಾದದ್ದಕ್ಕೆ ಒಂದು, ಚಪ್ಪಟೆಯಾದದ್ದಕ್ಕೆ ಇನ್ನೊಂದು, ಪುಸ್ತಕಕ್ಕೆ ಮತ್ತೊಂದು. ನಾವು ಇಬ್ಬರು ಹೆಂಗಸರು, ಎರಡು ಕುರ್ಚಿ ಎಂದು ಬೇರೆ ಮಾಡುತ್ತೇವಲ್ಲ, ಅದರ ದೊಡ್ಡ ಸಂಸಾರ. ಈ ಪುಟ್ಟ ಪದಗಳ ಹಿಂದೆ ಚಿದಾನಂದ ತನ್ನ ಪ್ರಾಯವನ್ನೆಲ್ಲ ಮೈಸೂರಿನ ಲೈಬ್ರರಿಯಲ್ಲಿ ಕಳೆದ. ತಲೆದಿಂಬಿನಷ್ಟು ದಪ್ಪದ ಪ್ರಬಂಧ ಬರೆದ. ನೋಡಿದವರು ಒಳ್ಳೆಯ ಕೆಲಸ ಎಂದರು, ಒಳ್ಳೆಯ ಕೆಲಸವೇ. ಆದರೆ ಒಬ್ಬ ಚೀನೀ ಮನುಷ್ಯ ಮಾತಾಡಿದ್ದನ್ನು ಅವನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಅವನಿಗೆ ಪಾಠ ಹೇಳಿದ ಪ್ರೊಫೆಸರರದ್ದೂ ಪುಸ್ತಕದ ಚೀನೀಯೇ. ಆ ಭಾಷೆಯ ಎಲುಬುಗಳನ್ನೆಲ್ಲ ಒಂದೊಂದಾಗಿ ಬಲ್ಲ ಚಿದಾನಂದನ ಎದುರು ಆ ಭಾಷೆಯೇ ಬಂದು ನಿಂತು 'ಊಟ ಆಯ್ತಾ?' ಎಂದು ಕೇಳಿದರೆ ಅವನಿಗೆ ಗೊತ್ತಾಗುವ ಹಾಗಿರಲಿಲ್ಲ.

ಫ್ಲೆಕ್ಸ್ ತನ್ನ ಕೆಲಸ ಮಾಡಿತು. ಊರವರಿಗೆ ಅವನು 'ಚೀನಾ ಮಾಸ್ಟ್ರು' ಆದ. ಜನ ಟಾರ್ಚಿನ ಡಬ್ಬಿ, ಆಟಿಕೆಯ ಪೆಟ್ಟಿಗೆ, ನೋವಿನ ಮುಲಾಮು ಹಿಡಿದು ಬಂದರು. ಚಿದಾನಂದ ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು, "ಮಕ್ಕಳ ಕೈಗೆ ಸಿಗದ ಹಾಗೆ ಇಡಬೇಕು ಅಂತ ಬರೆದಿದ್ದಾರೆ" ಎನ್ನುತ್ತಿದ್ದ. ಯಾವ ಡಬ್ಬಿಗೂ ಸುಳ್ಳಾಗದ ಮಾತು. ಹೋಟೆಲು ರಮಾನಾಥರು ಮಿಜಾರಿನ ಕಡೆಯ ಒಂದು ಕಾಲೇಜಿನ ಆಡಳಿತ ಮಂಡಳಿಯಲ್ಲಿದ್ದವರು. "ಚೀನೀ ಬರುವ ಜನ, ಬಿಡಬೇಡಿ" ಎಂದು ಅವರು ಒಂದು ಮಾತು ಹೇಳಿದ್ದಕ್ಕೆ ಭಾಷಾವಿಜ್ಞಾನದ ಉಪನ್ಯಾಸಕನ ಕೆಲಸ ಸಿಕ್ಕಿತು. ಖಾಯಂ ಆಗುವುದು ಮಾತ್ರ ಬಾಕಿ ಇತ್ತು. ಹೀಗೆ ಸುಮ್ಮನಿದ್ದದ್ದು ಅನ್ನವಾಯಿತು. ಅನ್ನವಾದ ಮೇಲೆ ಬಾಯಿ ಬಿಡುವುದು ಇನ್ನೂ ಕಷ್ಟವಾಯಿತು.

ಆ ಭಾನುವಾರ ಬೆಳಿಗ್ಗೆ ಅವನು ನೀರುದೋಸೆ ತಿನ್ನುತ್ತಿದ್ದ. ನೆರೆಮನೆಯ ಪದ್ಮಯ್ಯ ಅಂಗಳದಿಂದಲೇ ಕೂಗಿದರು. ನಿವೃತ್ತ ಪೋಸ್ಟ್‌ಮಾಸ್ಟರು, ಈಗ ಬಟವಾಡೆ ಮಾಡಲು ಕಾಗದ ಇಲ್ಲದ್ದರಿಂದ ಸುದ್ದಿ ಹಂಚುತ್ತಿದ್ದರು.

"ಚಿದಾನಂದಾ, ನಿನ್ನ ದಿನ ಬಂತು ಮಾರಾಯ!"

"ಎಂಥ ದಿನ ಪದ್ಮಯ್ಯಣ್ಣ?"

"ರಮಾನಾಥರ ಮಗ ರಂಜಿತ್ ಇಲ್ವಾ, ದುಬಾಯಿಯವ? ನಿನ್ನೆ ಒಂದು ಹುಡುಗಿಯನ್ನು ಕರ್ಕೊಂಡು ಬಂದಿದ್ದಾನೆ. ಮದುವೆ ಆದರೆ ಅವಳನ್ನೇ ಅಂತೆ. ಹುಡುಗಿ ಚೀನಾದವಳು! ಚೀನಾ ಅಂದರೆ ಮಲೇಷ್ಯಾದಲ್ಲಿರುವ ಚೀನಾ. ರಂಜಿತನ ಅಮ್ಮ ಪ್ರೇಮಕ್ಕನಿಗೆ ಅವಳ ಹತ್ತಿರ ಒಂದು ಮಾತು ಕೇಳ್ಲಿಕ್ಕೆ ಉಂಟಂತೆ. ನಿನಗೆ ಆಟೋ ಕಳಿಸಿದ್ದಾರೆ."

ದೋಸೆಯ ತುಂಡು ಗಂಟಲಿನ ಅರ್ಧದಲ್ಲಿ ನಿಂತಿತು.

"ಆ ಹುಡುಗಿಗೆ ಇಂಗ್ಲಿಷ್ ಬರ್ತದಲ್ಲ? ನೀವೇ ಕೇಳಬಹುದಲ್ಲ ಪದ್ಮಯ್ಯಣ್ಣ?"

"ನಾನು ಹೇಳಿದೆ. ಪ್ರೇಮಕ್ಕ ಒಪ್ಪಬೇಕಲ್ಲ. ಇದು ಚಾವಡಿಯಲ್ಲಿ, ದೈವದ ಎದುರು ಕೇಳುವ ಮಾತಂತೆ. ಅಲ್ಲಿ ಹೆತ್ತ ತಾಯಿ ಕೊಟ್ಟ ಭಾಷೆಯಲ್ಲೇ ಹೇಳಬೇಕಂತೆ. ಇಂಗ್ಲಿಷಿನಲ್ಲಿ ಕೇಳಿದರೆ ಆಫೀಸಿನ ಉತ್ತರ ಬರ್ತದೆ ಅಂತ ಅವರ ಲೆಕ್ಕ."

ಚಿದಾನಂದ ಕೈತೊಳೆಯುವ ನೆವದಲ್ಲಿ ಅಡುಗೆಮನೆಗೆ ಹೋದ. ಲೋಕದಲ್ಲಿ ನಿಜ ಗೊತ್ತಿದ್ದದ್ದು ಅವನ ಹೆಂಡತಿ ವಿಸ್ಮಿತಾಳಿಗೆ ಮಾತ್ರ.

"ಈಗಲಾದರೂ ಹೇಳಿಬಿಡಿ" ಎಂದಳು ಅವಳು ದೋಸೆಕಾವಲಿಯ ಮೇಲಿಂದ ಕಣ್ಣೆತ್ತದೆ.

"ಹೇಳಿದರೆ ಕೆಲಸ ಹೋಗ್ತದೆ."

"ಹೇಳದಿದ್ದರೆ ಮರ್ಯಾದೆ ಹೋಗ್ತದೆ. ಇವತ್ತು ಎರಡೂ ಒಟ್ಟಿಗೆ ಹೋಗುವ ಹಾಗೆ ಕಾಣ್ತದೆ ನನಗೆ."

ಅವನು ಸೀದಾ ಹೋಗಿ ಕಂಬಳಿ ಹೊದ್ದು ಮಲಗಿದ. "ಅವರಿಗೆ ಜ್ವರ" ಎಂದಳು ವಿಸ್ಮಿತಾ, ಗಂಡನ ಮೇಲಿನ ಕರುಣೆಯಿಂದ. ಪದ್ಮಯ್ಯ ಒಳಗೇ ಬಂದು ಹಣೆ ಮುಟ್ಟಿದರು. ಅದು ನೀರು ಸುರಿದ ಹಾಗೆ ಬೆವರುತ್ತಿತ್ತು.

"ಇದು ಜ್ವರ ಬಂದದ್ದಲ್ಲ ಮಾರಾಯ, ಬಿಟ್ಟದ್ದು! ಒಳ್ಳೆಯ ಹೊತ್ತಿಗೇ ಬಿಟ್ಟಿತು. ಏಳು, ಪಂಚೆ ಸುತ್ತು."

ಆಟೋದಲ್ಲಿ ಪದ್ಮಯ್ಯ ಹೊರಬದಿಗೆ ಕೂತರು, ಚಿದಾನಂದನನ್ನು ಒಳಗೆ ತಳ್ಳಿ. ಅವನಿಗೆ ಹಾರಲೂ ದಾರಿ ಇರಲಿಲ್ಲ. ಅಶ್ರಫ್ ಕನ್ನಡಿಯಲ್ಲಿ ನೋಡಿ ಕೇಳಿದ, "ಮಾಸ್ಟ್ರೇ, ಆ ಹುಡುಗಿಗೆ ನಾನೂ ಒಂದು ನಮಸ್ಕಾರ ಹೇಳ್ತೇನೆ. ಚೀನೀಯಲ್ಲಿ ಕಲಿಸಿ."

"ಈಗ ಬೇಡ ಅಶ್ರಫ್. ಮೊದಲು ಬಂಟ್ವಾಳದ ಕಡೆ ಒಂದು ಸುತ್ತು ಹೋಗಿ ಬರುವ. ನನಗೊಂದು ಅರ್ಜೆಂಟ್ ಉಂಟು."

"ಭಾನುವಾರ ಎಂಥ ಅರ್ಜೆಂಟ್? ರಮಾನಾಥಣ್ಣ ನಿಮ್ಮನ್ನು ಅಲ್ಲಿಗೆ ತಂದು ಬಿಟ್ಟು, ಊಟ ಮಾಡಿಯೇ ಹೋಗು ಅಂದಿದ್ದಾರೆ. ಕೋಳಿ ಉಂಟು. ನನ್ನ ಊಟ ತಪ್ಪಿಸಬೇಡಿ."

ಚಿದಾನಂದ ಕಣ್ಣು ಮುಚ್ಚಿದ. ಧರ್ಮಸ್ಥಳಕ್ಕೆ ನಡೆದುಕೊಂಡೇ ಬರುತ್ತೇನೆ ಎಂದು ಹರಕೆ ಹೇಳಿದ. ಮುಂದಿನ ತಿರುವಿನಲ್ಲಿ ನಾಗನಿಗೆ ತಂಬಿಲದ ಪೂಜೆ ಹೇಳಿದ. ಇಗರ್ಜಿ ಕಂಡಾಗ ಮೇಣದ ಬತ್ತಿ ಹೇಳಿದ. ಹೆದರಿದ ಮನುಷ್ಯನಿಗೆ ಎಲ್ಲ ದೇವರೂ ಒಂದೇ ಎಂಬ ಜ್ಞಾನ ಬಹಳ ಬೇಗ ಬರುತ್ತದೆ. ಅವನು ಬೇಡಿದ್ದು ದೊಡ್ಡದೇನಲ್ಲ, ಒಂದು ಪಂಕ್ಚರ್. ಅದೂ ಸಿಗಲಿಲ್ಲ. ಆಟೋ ಹೂವಿನ ಮೇಲೆ ಹೋದ ಹಾಗೆ ಹೋಗಿ ರಮಾನಾಥರ ಅಂಗಳದಲ್ಲಿ ನಿಂತಿತು.

ರಮಾನಾಥರು ಮೆಟ್ಟಿಲಿಳಿದು ಬಂದು ಕೈಹಿಡಿದರು. "ಬನ್ನಿ ಮಾಸ್ಟ್ರೇ. ಇವತ್ತು ಇದನ್ನು ಒಂದು ದಡ ಮುಟ್ಟಿಸಿ. ನಿಮ್ಮ ಖಾಯಂ ವಿಷಯ ಈ ಸಲದ ಮೀಟಿಂಗಿನಲ್ಲಿ ನಾನೇ ಮಾತಾಡ್ತೇನೆ. ಇಲ್ಲದಿದ್ದರೆ ಚೀನೀ ಬಾರದ ಚೀನಾ ಮಾಸ್ಟ್ರನ್ನು ಇಟ್ಕೊಂಡು ನಾವೆಂಥ ಮಾಡುವುದು, ಹೇಳಿ?" ಎಂದು ದೊಡ್ಡದಾಗಿ ನಕ್ಕರು. ಪದ್ಮಯ್ಯ ನಕ್ಕರು. ಅಶ್ರಫ್ ನಕ್ಕ. ಚಿದಾನಂದನ ಹಲ್ಲುಗಳು ಕಂಡವು. ಅದು ನಗುವಲ್ಲ, ನಡುಕ.

"ರಂಜಿತ್ ಇಲ್ವಾ?"

"ಕಾರು ತಕೊಂಡು ಬೆಳಿಗ್ಗೆಯೇ ಹೋದ. ಮಂಗಳೂರಿನಲ್ಲಿ ಎಂಥದೋ ಕೆಲಸ ಉಂಟಂತೆ. ಊಟದ ಹೊತ್ತಿಗೆ ಬರ್ತಾನೆ."

ಹುಡುಗಿ ಜಗಲಿಯಲ್ಲಿ ಕೂತಿದ್ದಳು. ಹೆಸರು ವೈ ಲಿನ್. ದುಬಾಯಿಯಲ್ಲಿ ರಂಜಿತನ ಕಂಪೆನಿಯಲ್ಲೇ ಕೆಲಸ. ಅವಳ ಮೋಟು ಕೂದಲಿಗೆ ಪ್ರೇಮಾವತಿ ಹೇಗೋ ಮಾಡಿ ಒಂದು ಮೊಳ ಮಲ್ಲಿಗೆ ಸಿಕ್ಕಿಸಿದ್ದರು. ಚಿದಾನಂದನನ್ನು ತೋರಿಸಿ ಪದ್ಮಯ್ಯ ಇಂಗ್ಲಿಷಿನಲ್ಲಿ "ಚೈನೀಸ್ ಡಾಕ್ಟರ್" ಎಂದದ್ದೇ ತಡ, ಅವಳ ಮುಖ ಮಲ್ಲಿಗೆಗಿಂತ ಬಿಳಿಯಾಯಿತು. "ನಾಚಿಕೆ, ಪಾಪ" ಎಂದರು ಎಲ್ಲರೂ.

ಪ್ರೇಮಾವತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗಿನಿಂದ ಬಂದರು. ಅವರು ಕೆಟ್ಟ ಹೆಂಗಸಲ್ಲ. ಅವರಿಗೂ ಒಂದು ಹೆದರಿಕೆ ಇತ್ತು.

"ಮಾಸ್ಟ್ರೇ, ಬಣ್ಣ ನೋಡಿ, ಮೂಗು ನೋಡಿ ಬೇಡ ಅನ್ನುವವಳು ನಾನಲ್ಲ. ಹುಡುಗಿ ಚಿನ್ನದಂಥವಳು. ಆದರೆ ನಮ್ಮಲ್ಲಿ ಬರಿ ಅನ್ನುವ ಕುಲದ ಹೆಸರು ಬರುವುದು ತಾಯಿಯಿಂದ, ನಿಮಗೆ ಗೊತ್ತುಂಟಲ್ಲ. ತಾಯಿಯ ಬರಿ ಯಾವುದೋ ಮಕ್ಕಳದ್ದೂ ಅದೇ. ಇವಳಿಗೆ ಬರಿಯೇ ಇಲ್ಲ ಅಂತಾದರೆ ನನ್ನ ಮೊಮ್ಮಕ್ಕಳಿಗೂ ಇಲ್ಲ. ನಾಳೆ ದೈವ ಇವರು ಯಾರ ಮಕ್ಕಳು ಅಂತ ಕೇಳಿದರೆ ನಾನೆಂಥ ಹೇಳಲಿ?"

"ಅಥವಾ ನಿಮ್ಮದೇ ಬರಿ ಆಗಿದ್ದರೆ?" ಪದ್ಮಯ್ಯ ಮಧ್ಯೆ ಬಾಯಿ ಹಾಕಿದರು. "ಒಂದೇ ಬರಿ ಅಂದರೆ ಅಣ್ಣ ತಂಗಿ. ಆಗ ಮದುವೆಯೇ ಕೂಡದು."

"ಚೀನಾದಲ್ಲಿ ನಮ್ಮ ಬರಿಯವರು ಎಲ್ಲಿಂದ ಮಾರಾಯ್ರೇ?" ಎಂದರು ರಮಾನಾಥರು.

"ಈಗ ಗಲ್ಫಿಗೆ ಹೋಗ್ಲಿಲ್ವಾ? ಹಾಗೇ ಹಿಂದಿನ ಕಾಲದಲ್ಲಿ ಯಾರಾದರೂ ಹಡಗು ಹತ್ತಿದ್ದರೆ?"

ಪ್ರೇಮಾವತಿಯ ಕೈ ಎದೆಗೆ ಹೋಯಿತು. ಅಷ್ಟು ದೂರದ ಹೆದರಿಕೆ ಅವರಿಗೆ ಹೊಳೆದಿರಲಿಲ್ಲ.

ಚಾವಡಿಯಲ್ಲಿ ದೀಪ ಉರಿಯುತ್ತಿತ್ತು. ಅದರ ಹಿಂದೆ ದೈವದ ಮಂಚ, ಮಂಚದ ಮೇಲೆ ಗಂಟೆ, ಖಡ್ಗ, ಕೆಂಪು ಪಟ್ಟೆ. ಆ ಮನೆಯಲ್ಲಿ ಜಗಳವಾಡುವವರೂ ಚಾವಡಿಯ ಹೊಸಿಲು ದಾಟಿದರೆ ದನಿ ತಗ್ಗಿಸುತ್ತಿದ್ದರು. "ಇಲ್ಲಿ ನಿಂತು ಸುಳ್ಳು ಹೇಳಿದವರು ಇವತ್ತಿನವರೆಗೆ ಇಲ್ಲ" ಎಂದರು ಪ್ರೇಮಾವತಿ, ಬತ್ತಿ ಮುಂದೆ ಮಾಡುತ್ತಾ. ಅವರು ಅದನ್ನು ಯಾರನ್ನೂ ಹೆದರಿಸಲು ಹೇಳಿದ್ದಲ್ಲ. ಆದರೂ ಚಿದಾನಂದನಿಗೆ ಖಡ್ಗ ಸ್ವಲ್ಪ ಅಲುಗಿದ ಹಾಗೆ ಕಂಡಿತು. ದೈವವೇ, ಮನಸ್ಸಿನಲ್ಲೇ ಹೇಳಿದ, ನಾನು ಹೇಳುವುದನ್ನು ಭಾಷಾಂತರ ಅಂತ ತಿಳಿಯಬೇಡ. ಊಹೆ ಅಂತ ತಿಳಿ.

"ಕೇಳಿ ಮಾಸ್ಟ್ರೇ. ನಿನ್ನ ತಾಯಿಯ ಬರಿ ಯಾವುದು ಮಗಾ, ಅಂತ."

ಚಿದಾನಂದನ ತಲೆಯೊಳಗೆ ಆರು ಅಧ್ಯಾಯಗಳ ಪ್ರಬಂಧ ಗಾಳಿಗೆ ಹಾರಿಹೋಯಿತು. ಉಳಿದದ್ದು ಮೂರು ಉದಾಹರಣೆ ವಾಕ್ಯಗಳು. ಅವನು ಮೊದಲನೆಯದನ್ನು ಹಿಡಿದ.

"ತಾ ಚಿ ಲ ಲ್ಯಾಂಗ್ ತ್ಯಾವ್ ಯೂ" ಎಂದ, ಗಂಭೀರವಾಗಿ. ಅದರ ಅರ್ಥ: ಅವನು ಎರಡು ಮೀನು ತಿಂದ.

ಹುಡುಗಿ ಕಣ್ಣು ಅಗಲಿಸಿ ಅವನನ್ನೇ ನೋಡಿದಳು. ತುಟಿ ಅದುರಿತು. ಮುಗಿಯಿತು ಎಂದುಕೊಂಡ ಚಿದಾನಂದ. ಈಗ ಇವಳು ಯಾರು ತಿಂದದ್ದು ಎಂದು ಕೇಳುತ್ತಾಳೆ. ಆದರೆ ಅವಳು ಉಗುಳು ನುಂಗಿ, ದೀಪ ನೋಡುತ್ತಾ, ಒಂದೇ ಉಸಿರಿಗೆ ಹೇಳಿದಳು: "ಹಾಗಾವ್, ಸಿಯುಮಾಯ್, ಚಾಸಿಯುಬಾವ್."

ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಅವನ ಪುಸ್ತಕದ ಯಾವ ಪುಟದಲ್ಲೂ ಇದು ಇರಲಿಲ್ಲ.

"ಎಂಥ ಹೇಳಿದಳು?" ನಾಲ್ಕು ಜನ ಒಟ್ಟಿಗೆ ಬಾಗಿದರು.

"ಹಾಗಾವ್" ಎಂದ ಚಿದಾನಂದ. ಬೇರೆ ಯಾವ ಶಬ್ದವೂ ಬಾಯಿಯಲ್ಲಿ ಇರಲಿಲ್ಲ. "ಇವಳದ್ದು... ಹಾಗಾವ್ ಬರಿ."

"ನಮ್ಮಲ್ಲಿ ಇಲ್ಲವಲ್ಲ ಅದು?"

"ಇಲ್ಲ, ಇಲ್ಲ. ನಮ್ಮಲ್ಲಿ ಎಲ್ಲಿಯೂ ಇಲ್ಲ ಪ್ರೇಮಕ್ಕ. ಅದನ್ನು ನಾನು ಪ್ರಮಾಣ ಮಾಡಿ ಹೇಳ್ತೇನೆ." ಆ ದಿನ ಅವನು ಧೈರ್ಯವಾಗಿ ಹೇಳಿದ ಒಂದೇ ಮಾತು ಅದು.

ಪ್ರೇಮಾವತಿ ಕಣ್ಣು ಮುಚ್ಚಿ ಕೈಮುಗಿದರು. "ಹಾಗಾವ್ ಬರಿ! ಹೆಸರಿನಲ್ಲೇ ಒಂದು ಗತ್ತು ಉಂಟು ನೋಡಿ. ಆ ಬರಿಯ ಮೂಲದ ಅಜ್ಜಿ ಯಾರು, ಹೇಗಿದ್ದವರು ಕೇಳಿ."

ಚಿದಾನಂದ ಎರಡನೆಯ ವಾಕ್ಯ ತೆಗೆದ. ಆ ಮೇಜು ಬಹಳ ದೊಡ್ಡದು ಎಂದು ಚೀನೀಯಲ್ಲಿ ಹೇಳಿದ. ಹುಡುಗಿ ಈ ಸಲ ಸ್ವಲ್ಪ ಚೇತರಿಸಿಕೊಂಡು, "ಚಿಯೋಂಗ್‌ಫನ್, ಲೋಮಾಯ್‌ಗಾಯ್, ಡಾನ್‌ತಾತ್" ಎಂದು ರಾಗವಾಗಿ ಹೇಳಿದಳು. ಹ್ಞಾಂ, ಹ್ಞಾಂ ಎಂದು ಚಿದಾನಂದ ತಲೆಯಾಡಿಸಿದ. ಅವನು ತಲೆಯಾಡಿಸಿದ್ದು ಕಂಡು ಅವಳೂ ತಲೆಯಾಡಿಸಿದಳು.

"ಮೂಲದ ಅಜ್ಜಿ ಲೋಮಾಯ್. ದೊಡ್ಡ ಮನೆ. ಬಂದವರನ್ನು ಊಟ ಹಾಕದೆ ಕಳಿಸಿದವರಲ್ಲ."

"ನಮ್ಮ ಹಾಗೆಯೇ!" ಎಂದು ಪದ್ಮಯ್ಯ ಕಣ್ಣೊರೆಸಿದರು. ಬಾಗಿಲ ಬಳಿ ನಿಂತಿದ್ದ ಅಶ್ರಫ್ ಕೂಡ, "ಒಳ್ಳೆ ಜನ ಮಾರಾಯ್ರೇ" ಎಂದ.

ಇಲ್ಲಿಗೆ ನಿಂತಿದ್ದರೆ ಚಿದಾನಂದ ಬದುಕುತ್ತಿದ್ದ. ಆದರೆ ಸಂತೋಷವಾದ ಮನುಷ್ಯರು ಬೇಗ ನಿಲ್ಲುವುದಿಲ್ಲ.

"ಇನ್ನು ಒಂದೇ ಒಂದು" ಎಂದರು ಪ್ರೇಮಾವತಿ. "ಇವಳ ತಾಯಿಯ ತಾಯಿ ಇದ್ದಾರಾ ಕೇಳಿ. ಹೆಣ್ಣು ಕೇಳುವುದು ಬರಿಯ ಹಿರಿಯರ ಹತ್ತಿರ. ಇದ್ದರೆ ಈಗಲೇ ಮುಖ ಕಾಣುವ ಫೋನು ಹಾಕುವ. ನೀವೇ ಮಾತಾಡಿ ಮಾಸ್ಟ್ರೇ, ಚೀನೀಯಲ್ಲಿ, ನಾವೆಲ್ಲ ಕೇಳ್ತೇವೆ. ಇವರೇ, ಆ ದೊಡ್ಡ ಫೋನು ತನ್ನಿ!"

ರಮಾನಾಥರು ಫೋನು ತಂದೇಬಿಟ್ಟರು. ಚಿದಾನಂದ ಒಂದು ಹೆಜ್ಜೆ ಹಿಂದೆ ಸರಿದ. ಈ ಹುಡುಗಿ ಏನೋ ಸಣ್ಣವಳು, ನಾಚಿಕೆಯವಳು. ಒಬ್ಬ ಚೀನೀ ಮುದುಕಿ, ಅದೂ ಮುಖ ಕಾಣುವ ಫೋನಿನಲ್ಲಿ, ಅದೂ ಊರವರೆಲ್ಲ ಕೇಳುವಾಗ! ಅವನು ನಡುಗುವ ದನಿಯಲ್ಲಿ, ನಾನು ಮೂರು ಪುಸ್ತಕ ಕೊಂಡೆ ಎಂದು ಹುಡುಗಿಗೆ ಹೇಳಿದ. ಹುಡುಗಿಯ ಬಳಿಯೂ ಮಾತು ಮುಗಿದಿತ್ತೋ ಏನೋ. "ಹಾಗಾವ್..." ಎಂದಳು ಮತ್ತೆ, ಸಣ್ಣಗೆ. ಅವಳ ಕಣ್ಣಲ್ಲಿ ನೀರು ತುಂಬಿತು.

ಆ ನೀರು ಕಂಡದ್ದೇ ಚಿದಾನಂದನಿಗೆ ದಾರಿ ಹೊಳೆಯಿತು. ಮನುಷ್ಯನಿಗೆ ಅತಿ ಹೆದರಿಕೆಯಲ್ಲಿ ಹೊಳೆಯುವ ದಾರಿಗಳೆಲ್ಲ ಹಾಗೆಯೇ: ಹೋಗುವಾಗ ಅಗಲ, ಬರುವಾಗ ಇಲ್ಲ.

"ತೀರಿಕೊಂಡಿದ್ದಾರೆ" ಎಂದ.

ರಮಾನಾಥರು ಫೋನನ್ನು ಮೆಲ್ಲಗೆ ಕಿಸೆಗೆ ಹಾಕಿಕೊಂಡರು. ಪ್ರೇಮಾವತಿ ಹುಡುಗಿಯ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡು, "ಅಳಬೇಡ ಮಗಾ, ನಾನಿಲ್ವಾ?" ಎಂದು ತಾವೂ ಅತ್ತರು. ಹುಡುಗಿಗೆ ಅರ್ಥವಾಗಲಿಲ್ಲ, ಆದರೂ ಯಾರೋ ಅಪ್ಪಿಕೊಂಡಾಗ ಅಳುವುದಕ್ಕೆ ಅರ್ಥ ಬೇಕೆಂದಿಲ್ಲ.

ಕಣ್ಣೊರೆಸಿಕೊಂಡು ಎದ್ದ ಪ್ರೇಮಾವತಿ ಬೇರೆಯೇ ಹೆಂಗಸಾಗಿದ್ದರು. "ಹೆಣ್ಣು ಒಪ್ಪಿಗೆ. ಈಗ ಆ ಅಜ್ಜಿ ನಮ್ಮವರಾದರು. ತೀರಿಹೋದ ಹಿರಿಯರಿಗೆ ಬಡಿಸದೆ ನಾವು ಉಂಡರೆ ನಾಳೆ ಆ ಜೀವ ಹಸಿದು ಬಾಗಿಲಲ್ಲಿ ನಿಲ್ತದೆ. ಇವತ್ತು ಮೊದಲ ಎಲೆ ಅವರಿಗೆ."

ಒಳಕೋಣೆ ಗುಡಿಸಿ, ನೀರು ಚಿಮುಕಿಸಿ, ಕುಡಿಬಾಳೆ ಎಲೆ ಹಾಕಿದರು. ಅನ್ನ, ಕೋಳಿ ಸಾರು, ಮೀನು ಹುರಿದದ್ದು, ಒಂದು ಎಳನೀರು. ಎದುರು ಒಂದು ಮಣೆ. ಪ್ರೇಮಾವತಿ ಕೈಮುಗಿದು ಕರೆದರು: "ಹಾಗಾವ್ ಬರಿಯ ಅಜ್ಜೀ, ನಿಮ್ಮ ಮೊಮ್ಮಗಳು ನಮ್ಮ ಮನೆ ಸೇರಿದ್ದಾಳೆ. ದೂರದ ದಾರಿ. ತಪ್ಪದೆ ಬನ್ನಿ, ಉಂಡು ಹೋಗಿ." ಮತ್ತೆ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬಂದರು. ಹಿರಿಯರು ಉಣ್ಣುವಾಗ ಇಣುಕಬಾರದು. ಸ್ವಲ್ಪ ಹೊತ್ತು ಕಳೆದು, ಕೆಮ್ಮಿ, ಆಮೇಲೆ ಬಾಗಿಲು ತೆಗೆಯಬೇಕು.

ಚಿದಾನಂದ ತೆಂಗಿನಕಟ್ಟೆಯ ಬಳಿ ಒಬ್ಬನೇ ಹೋಗಿ ನಿಂತ. ತಾನು ಕಾಣದ, ಕೇಳದ ಒಬ್ಬ ಮುದುಕಿಯನ್ನು ಕೊಂದೆನಲ್ಲ ಎಂದು ಅವನಿಗೆ ನಿಜಕ್ಕೂ ನೋವಾಯಿತು. ಎಲ್ಲಿಯೋ ಇದ್ದರೆ ಚೆನ್ನಾಗಿರಲಿ ಎಂದು ಪ್ರಾರ್ಥಿಸಿದ. ಹಿಂದಿನಿಂದ ಯಾರೋ "ಸರ್" ಎಂದರು. ವೈ ಲಿನ್.

"ಸರ್," ಅವಳು ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು, "ನೀವು ದೊಡ್ಡ ಮನಸ್ಸಿನವರು. ನನಗೆ ಚೀನೀ ಬರುವುದಿಲ್ಲ ಅಂತ ನಿಮಗೆ ಗೊತ್ತಾಯಿತು. ಆದರೂ ನನ್ನನ್ನು ಬಿಟ್ಟುಕೊಡಲಿಲ್ಲ."

"ಏನು? ಬರುವುದಿಲ್ಲವಾ?"

"ನಾನು ಓದಿದ್ದೆಲ್ಲ ಇಂಗ್ಲಿಷ್, ಮನೆಯಲ್ಲೂ ಅದೇ. ತಾಯಿಯ ಭಾಷೆಯೇ ಬಾರದವಳು ಅಂತ ಗೊತ್ತಾಗಿದ್ದರೆ ರಂಜಿತನ ಅಮ್ಮ ಒಪ್ಪುತ್ತಿರಲಿಲ್ಲ. ನಿನ್ನೆಯಿಂದ ನಾನು ನಿದ್ದೆ ಮಾಡಿಲ್ಲ ಸರ್. ನಿಮ್ಮಂಥ ಪಂಡಿತರು ಏನು ಕೇಳಿದಿರೋ ನನಗೆ ತಿಳಿಯಲೇ ಇಲ್ಲ. ನಮ್ಮ ಬೀದಿಯ ತಿಂಡಿ ಅಂಗಡಿಯಲ್ಲಿ ಸಿಗುವ ತಿಂಡಿಗಳ ಹೆಸರು ಹೇಳಿಬಿಟ್ಟೆ."

"ಹಾಗಾವ್ ಅಂದರೆ?"

"ಸೀಗಡಿ ತುಂಬಿಸಿ ಹಬೆಯಲ್ಲಿ ಬೇಯಿಸಿದ ಕಡುಬು."

ಚಿದಾನಂದನ ಎದೆಯಿಂದ ಒಂದು ಅರೆಯುವ ಕಲ್ಲು ಉರುಳಿ ಹೋಯಿತು. ಬೆಳಗಿನಿಂದ ತಾನು ಹೆದರಿದ್ದು ತನ್ನಷ್ಟೇ ಹೆದರಿದ ಒಂದು ಮಗುವಿಗೆ! ಅವನಿಗೆ ನಗು ಬಂತು, ಅಳು ಬಂತು, ಪುನಃ ನಗು ಬಂತು. ತನ್ನ ನಿಜವನ್ನೂ ಹೇಳಬೇಕೆಂದು ಬಾಯಿ ತೆರೆದ. ಹುಡುಗಿ ಒಳಕೋಣೆಯ ಕಡೆ ಕೈ ತೋರಿಸಿ ಕೇಳಿದಳು, "ಆ ಎಲೆ ಯಾರಿಗೆ ಸರ್?"

"ಅದು... ಒಬ್ಬರು ಹಿರಿಯರಿಗೆ."

"ಎಷ್ಟು ಒಳ್ಳೆಯ ಜನ" ಎಂದಳು ಅವಳು.

ಗೇಟಿನಲ್ಲಿ ಕಾರಿನ ಹಾರ್ನ್ ಕೇಳಿತು.

ಒಳಗೆ ಪ್ರೇಮಾವತಿ ಕೆಮ್ಮಿ ಬಾಗಿಲು ತೆಗೆಯುತ್ತಿದ್ದರು. ಅವರು ಎಲೆಗೆ ಕೈಮುಗಿದು ತಿರುಗುವುದಕ್ಕೂ, ಹೊಸಿಲಲ್ಲಿ ಒಬ್ಬ ಚೀನೀ ಮುದುಕಿ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಬಿಳಿ ಕೂದಲು, ಕೈಯಲ್ಲಿ ಕೊಡೆ, ಮುಖದಲ್ಲಿ ದೂರದ ದಾರಿ ಬಂದ ಆಯಾಸ. ಪದ್ಮಯ್ಯ ಕಂಬದ ಹಿಂದೆ ಸರಿದರು. ಅಶ್ರಫ್ "ಯಾ ಅಲ್ಲಾ!" ಎಂದು ಗೋಡೆಗೆ ಒರಗಿದ.

"ಅಮ್ಮಾ, ಸರ್‌ಪ್ರೈಸ್!" ರಂಜಿತ್ ಪೆಟ್ಟಿಗೆ ಹೊತ್ತು ಹಿಂದಿನಿಂದ ಬಂದ. "ಇವರನ್ನು ಕರ್ಕೊಂಡು ಬರ್ಲಿಕ್ಕೇ ನಾನು ಏರ್‌ಪೋರ್ಟಿಗೆ ಹೋದದ್ದು. ವೈ ಲಿನ್‌ನ ಅಜ್ಜಿ."

ಚಿದಾನಂದ ಅಂಗಳದಿಂದ ಓಡಿ ಬಂದ. "ತಂದೆಯ ತಾಯಿ!" ಎಂದು ಏದುಸಿರಿನಲ್ಲಿ ಕೂಗಿದ. "ಇವರು ತಂದೆಯ ತಾಯಿ ಇರಬೇಕು!"

"ಅಲ್ಲ ಮಾಸ್ಟ್ರೇ, ತಾಯಿಯ ತಾಯಿಯೇ. ಇರುವವರು ಇವರೊಬ್ಬರೇ. ಅವರ ಊರಿನ ಚೀನೀ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ವ್ಯಾಕರಣ ಅಂದರೆ ಜೀವ. ಇಂಗ್ಲಿಷ್ ಬರುವುದಿಲ್ಲ. ಮಾತಿಗೆ ಜನ ಇಲ್ಲದ ಊರಿಗೆ ಬರುವುದಿಲ್ಲ ಅಂತ ಕೂತಿದ್ದರು. ನಮ್ಮಲ್ಲಿ ಚೀನೀ ವ್ಯಾಕರಣದಲ್ಲಿ ಡಾಕ್ಟರೇಟ್ ಮಾಡಿದವರು ಇದ್ದಾರೆ ಅಂತ ನಿಮ್ಮ ಫ್ಲೆಕ್ಸ್ ಫೋಟೋ ಕಳಿಸಿದೆ. ಮರುದಿನವೇ ಒಪ್ಪಿದರು!"

ಎಲ್ಲರ ಕಣ್ಣೂ ಚಿದಾನಂದನ ಮೇಲೆ ಬಿತ್ತು. ಓಡಲು ಕಾಲಿಲ್ಲ, ನಿಲ್ಲಲು ನೆಲವಿಲ್ಲ. ಅವನು ಕಣ್ಣು ಮುಚ್ಚಿದ. ಸಾಕು ಎನ್ನಿಸಿತು. ಹೆದರಿಕೆ ತೀರಾ ತಳ ಮುಟ್ಟಿದಾಗ ಅಲ್ಲೊಂದು ತಂಪು ಇರುತ್ತದೆ.

"ಪ್ರೇಮಕ್ಕ," ಎಂದ, "ನಾನು ಒಂದು ನಿಜ ಹೇಳಬೇಕು."

"ಬೇಡ." ಪ್ರೇಮಾವತಿ ಕೈ ಎತ್ತಿದರು. ಅವರ ಮುಖ ದೀಪದ ಹಾಗಾಗಿತ್ತು. "ಎಂಥದೂ ಹೇಳಬೇಡಿ ಮಾಸ್ಟ್ರೇ. ನನಗೆ ಅರ್ಥ ಆಯಿತು. ದೈವದ ಎದುರು ನಿಂತು ನೀವು ತೀರಿಕೊಂಡಿದ್ದಾರೆ ಅಂದಿರಿ. ಆ ಜಾಗದಲ್ಲಿ ಸುಳ್ಳು ಬಾಯಿಗೆ ಬರುವುದಿಲ್ಲ. ಅಂದರೆ ಇವರು ತೀರಿಕೊಂಡದ್ದು ಹೌದು. ನಾನು ಎಲೆ ಹಾಕಿ ಬನ್ನಿ ಅಂತ ಕರೆದೆ. ದೈವ ಕಳಿಸಿಕೊಟ್ಟಿತು."

"ಅಮ್ಮಾ, ಎಂಥ ಹೇಳ್ತೀ ನೀನು? ಅವರು ವಿಮಾನದಲ್ಲಿ..."

"ನೀನು ಸುಮ್ಮನಿರು. ಯಾವುದರಲ್ಲಿ ಕಳಿಸಬೇಕು ಅಂತ ದೈವಕ್ಕೆ ಗೊತ್ತುಂಟು."

ಅವರು ಬಗ್ಗಿ ಮುದುಕಿಯ ಪಾದ ಮುಟ್ಟಿದರು. ಮುದುಕಿ ಗಾಬರಿಯಾಗಿ ನಕ್ಕು, ಅವರನ್ನು ಎತ್ತಿದರು. ಪ್ರೇಮಾವತಿ ಅವರ ಕೈಹಿಡಿದು ಕರೆದುಕೊಂಡು ಹೋಗಿ ಅದೇ ಮಣೆಯ ಮೇಲೆ, ಅದೇ ಎಲೆಯ ಮುಂದೆ ಕೂರಿಸಿದರು. ವಿಮಾನದ ಊಟ ಸೇರದೆ ಬಂದಿದ್ದ ಮುದುಕಿ ಎಲೆ ಬರಿದಾಗುವವರೆಗೆ ಉಂಡರು. ಪದ್ಮಯ್ಯ ಕಂಬದ ಹಿಂದಿನಿಂದ ಹೊರಗೆ ಬಂದು, "ಎಷ್ಟು ದಿನದ ಹಸಿವೋ, ಪಾಪ" ಎಂದು ಕೈಮುಗಿದರು.

ಅಜ್ಜಿಯ ಹತ್ತಿರ ಕೈಸನ್ನೆಯಲ್ಲೇ ಮಾತಾಡಿ ಬೆಳೆದ ವೈ ಲಿನ್ ಬಾಗಿಲ ಮರೆಯಲ್ಲಿ ನಿಂತು, ದಯವಿಟ್ಟು ನನ್ನ ಗುಟ್ಟು ಬಿಡಬೇಡಿ ಎನ್ನುವ ಹಾಗೆ ಚಿದಾನಂದನ ಕಡೆ ನೋಡುತ್ತಿದ್ದಳು.

ಅಜ್ಜಿ ಎದ್ದು ಕೈತೊಳೆದುಕೊಂಡದ್ದೇ ಪ್ರೇಮಾವತಿ ಎರಡು ಕುರ್ಚಿಗಳನ್ನು ಚಾವಡಿಯಲ್ಲಿ ಎದುರುಬದುರು ಇಡಿಸಿದರು. ಸುದ್ದಿ ಆಗಲೇ ಗೇಟು ದಾಟಿತ್ತು. ಜಗಲಿಯಲ್ಲಿ ಚಪ್ಪಲಿಗಳು ಹೆಚ್ಚುತ್ತಿದ್ದವು.

"ಕೂತ್ಕೊಳ್ಳಿ ಮಾಸ್ಟ್ರೇ. ಅವರಿಗೆ ನೆನಪು ಹಸಿಯಾಗಿರುವಾಗಲೇ ಕೇಳಿ. ಆ ಕಡೆ ಹೇಗುಂಟು? ನಮ್ಮವರು ಯಾರಾದರೂ ಸಿಕ್ಕಿದರಾ? ನನ್ನ ಅಮ್ಮ..." ಪ್ರೇಮಾವತಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ನನ್ನ ಅಮ್ಮ ಅಲ್ಲಿ ಸುಖವಾಗಿದ್ದಾರಾ ಕೇಳಿ."

ಅಜ್ಜಿ ಕನ್ನಡಕ ಹಾಕಿಕೊಂಡು, ಕರಿಹಲಗೆಯ ಎದುರು ನಿಂತ ಹುಡುಗನನ್ನು ನೋಡುವ ಹಾಗೆ ಚಿದಾನಂದನನ್ನು ನೋಡಿದರು. ಚೀನೀಯಲ್ಲಿ ಒಂದು ಉದ್ದನೆಯ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾದು ಕೂತರು.

ಚಿದಾನಂದ ಬಾಯಿ ತೆರೆದ.

ರಮಾನಾಥರು ಅವನ ಬೆನ್ನು ತಟ್ಟಿದರು. "ನಿಧಾನಕ್ಕೆ ಮಾಸ್ಟ್ರೇ, ಅವಸರ ಇಲ್ಲ. ಅಜ್ಜಿ ಮದುವೆವರೆಗೆ ಇಲ್ಲೇ ಇರ್ತಾರೆ."